ಗೇಟಿನಲ್ಲಿ ತಮಟೆ, ಒಳಗೆ ಸಂಸ್ಕೃತಿ

ಹಾಸ್ಟೆಲ್ ಗೆಳೆಯರೇ,

ಶನಿವಾರ ಸಂಜೆ ಹೆಬ್ಬಾಳದ ಫ್ಲೈಓವರ್ ಕೆಳಗೆ ಹೋಗಿ ನಿಂತು ನೋಡಿ. ಯಲಹಂಕದ ಕಡೆಗೆ ತಿರುಗಿದ ಕಾರುಗಳ ಸಾಲು ಒಂದು. ಅದರ ಪಕ್ಕದಲ್ಲೇ, ಬಸ್‌ಸ್ಟಾಪಿನಲ್ಲಿ, ಕಪ್ಪು ಪ್ಯಾಂಟು ಬಿಳಿ ಅಂಗಿ ತೊಟ್ಟು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಟೆಂಪೋ ಕಾಯುವ ಹುಡುಗರ ಸಾಲು ಇನ್ನೊಂದು. ಎರಡು ಸಾಲೂ ಹೋಗೋದು ಒಂದೇ ಜಾಗಕ್ಕೆ. ಕಾರಿನವರು ಪಾರ್ಟಿಗೆ, ಟೆಂಪೋದವರು ಕ್ಯಾಟರಿಂಗ್‌ಗೆ. ಆ ಎರಡನೇ ಸಾಲು ಯಾರದು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಅದರಲ್ಲಿ ನೀವೂ ಇದ್ದೀರಿ, ನಾವೂ ಇದ್ದೀವಿ. ಸ್ಕಾಲರ್‌ಶಿಪ್ಪು ತಡ ಆದಾಗ, ಪರೀಕ್ಷೆ ಫೀಸಿನ ಕೊನೇ ದಿನ ಹತ್ತಿರ ಬಂದಾಗ, ಊರಿಂದ ಅವ್ವ ಫೋನು ಮಾಡಿ "ಏನೂ ಇಲ್ಲ ಕಣಪ್ಪ, ಸುಮ್ನೆ ಮಾಡ್ದೆ" ಅಂತ ಹೇಳಿ ಆಮೇಲೂ ಫೋನು ಇಡದೆ ಇದ್ದಾಗ, ನಾವು ಹೋಗಿ ಆ ಸಾಲಿನಲ್ಲಿ ನಿಲ್ತೀವಿ. ರಾತ್ರಿಯೆಲ್ಲ ಬಡಿಸಿ, ಎಂಜಲು ತಟ್ಟೆ ಎತ್ತಿ, ಪಾತ್ರೆ ಲಾರಿಗೆ ಹೇರಿದರೆ 600 ರೂಪಾಯಿ. ಮೇಸ್ತ್ರಿಗೆ ಮನಸ್ಸು ಬಂದರೆ ಮಿಕ್ಕ ಬಿರಿಯಾನಿ.

ದುಡಿಮೆಗೆ ನಾಚಿಕೆ ಇಲ್ಲ. ನಾವು ಬರೆಯೋಕೆ ಹೊರಟಿದ್ದು ಬೇರೊಂದು ನಾಚಿಕೆಯ ಬಗ್ಗೆ.

ಕಳೆದ ಚಳಿಗಾಲದಲ್ಲಿ ಯಲಹಂಕದ ಆಚೆ ಒಂದು ತೋಟದ ಬಂಗಲೆಯಲ್ಲಿ ಕಲೆಯ ಹೆಸರಿನ ಪಾರ್ಟಿ ಇತ್ತು. ಯಾರ ಬಂಗಲೆ ಅಂತ ಬರೆಯೋದಿಲ್ಲ. ಒಬ್ಬ ಧಣಿಯ ಮೇಲಿನ ಸಿಟ್ಟಲ್ಲ ಇದು. ಮರಕ್ಕೆಲ್ಲ ದೀಪ. ಹುಲ್ಲಿನ ಮೇಲೆ ಸಾಲಾಗಿ ಚಿತ್ರಗಳು. ಬರುವವರನ್ನು ಸ್ವಾಗತಿಸೋಕೆ ಗೇಟಿನ ಹತ್ತಿರ ನಾಲ್ಕು ತಮಟೆ ಬೇಕು ಅಂತ ದೇವನಹಳ್ಳಿ ಕಡೆಯ ಒಂದು ಮೇಳಕ್ಕೆ ಹೇಳಿದ್ದರು. ಬಂದವರು ಮೂವರೇ. ನಾಲ್ಕನೆಯವರಿಗೆ ಜ್ವರ. ಈವೆಂಟ್ ಮ್ಯಾನೇಜರ್ ಅನ್ನುವ ಮನುಷ್ಯ ಅಡುಗೆ ಟೆಂಟಿಗೆ ಓಡಿ ಬಂದು ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಕೇಳಿದ: "ನಿಮ್ಮಲ್ಲಿ ಯಾರಿಗಾದ್ರೂ ತಮಟೆ ಬರುತ್ತೇನ್ರೋ?"

ನಾವು ಏಳು ಜನ ಇದ್ದೆವು. ಏಳು ಜನಕ್ಕೂ ಬರುತ್ತೆ. ಹಟ್ಟಿಯಲ್ಲಿ ಹುಟ್ಟಿ, ತಾತನ ಮಂಡಿ ಪಕ್ಕ ಕೂತು, ಕಡ್ಡಿ ಹಿಡಿಯೋದು ಕಲಿತ ಮೇಲೆ ಬಳಪ ಹಿಡಿಯೋದು ಕಲಿತವರು ನಾವು. ಏಳು ಜನವೂ ನೆಲ ನೋಡಿಕೊಂಡು ಒಂದೇ ಮಾತು ಹೇಳಿದೆವು: "ಬರಲ್ಲ ಸಾರ್."

ಮೇಳದ ಹಿರಿಯರು ಅವನ ಹಿಂದೆಯೇ ಬಂದು ನಿಂತಿದ್ದರು. ನಮ್ಮ ಮುಖ ನೋಡಿದರು, ಕೈ ನೋಡಿದರು. ಅವರಿಗೆ ಗೊತ್ತಾಯಿತು. ಗೊತ್ತಾಗಿದ್ದು ನಮಗೂ ಗೊತ್ತಾಯಿತು. "ಮೂವರೇ ಸಾಕು ಸ್ವಾಮಿ, ನಿಭಾಯಿಸ್ತೀವಿ" ಅಂತ ಹೇಳಿ ಅವನನ್ನು ಕರೆದುಕೊಂಡು ಹೋದರು.

ಒಂದೂವರೆ ಗಂಟೆ ಅವರು ಗೇಟಿನ ಹತ್ತಿರ ಕುಣಿದು ಬಡಿದರು. ಬಂದವರೆಲ್ಲ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಆಮೇಲೆ ಗೇಟು ಮುಚ್ಚಿತು. ಒಳಗೆ ಡಿಜೆ ಶುರು. ನಾವು ಟ್ರೇ ಹಿಡಿದು ಓಡಾಡುತ್ತಾ ಕೇಳಿಸಿಕೊಂಡೆವು: ಆ ಡಿಜೆ ಹಾಕಿದ ಮೂರನೇ ಹಾಡಿನಲ್ಲಿ ತಮಟೆ ಇತ್ತು. ಮೆಷಿನ್ನಿನ ತಮಟೆ. ಅದಕ್ಕೆ ಇಡೀ ಹುಲ್ಲುಹಾಸು ಕುಣೀತು. ಗೋಡೆಗೆ ಒರಗಿಸಿದ್ದ ಒಂದು ಚಿತ್ರದಲ್ಲೂ ತಮಟೆ ಹಿಡಿದ ಮುದುಕನೊಬ್ಬ ಇದ್ದ, ಮೂಲೆಯಲ್ಲಿ ಬೆಲೆಯ ಚೀಟಿ. ನಿಜವಾದ ಮುದುಕರು ಜನರೇಟರ್ ಹಿಂದೆ ಕೂತು, ಕಾಗದದ ತಟ್ಟೆಯಲ್ಲಿ ನಾವು ಕದ್ದು ಕೊಟ್ಟ ಅನ್ನ ತಿನ್ನುತ್ತಿದ್ದರು. ಕಲಾವಿದರ ಊಟದ ಲೆಕ್ಕದಲ್ಲಿ ಅವರ ಹೆಸರೇ ಇರಲಿಲ್ಲ.

ಬೆಳಗಿನ ಜಾವ ಬಸ್ಸು ಕಾಯುತ್ತಾ ಅವರೂ ನಾವೂ ಒಂದೇ ಕಡೆ ಕೂತೆವು. ತರಗೆಲೆ ಗುಡಿಸಿ ಬೆಂಕಿ ಮಾಡಿದರು. ನಮ್ಮಲ್ಲೊಬ್ಬ ತಡೆಯಲಾರದೆ ತಪ್ಪೊಪ್ಪಿಕೊಂಡ: "ನಮಗೂ ಬರುತ್ತೆ ತಾತ." ಅವರು ನಗಲಿಲ್ಲ, ಬೈಯಲೂ ಇಲ್ಲ. "ಗೊತ್ತು ಮಗ. ಬೇಕಾದ್ರೆ ಬಡಿಯಲ್ಲ ಅನ್ರಪ್ಪ. ಬರಲ್ಲ ಅಂತ ಸುಳ್ಳು ಯಾಕೆ ಹೇಳ್ತೀರಿ?" ಅಂದರು.

ಬಡಿಯಲ್ಲ ಅನ್ನೋದು ಬೇರೆ. ಬರಲ್ಲ ಅನ್ನೋದು ಬೇರೆ. ಗೆಳೆಯರೇ, ಈ ಎರಡು ಮಾತಿನ ನಡುವಿನ ದೂರ ಎಷ್ಟು ಅಂತ ಅವತ್ತಿನಿಂದ ಯೋಚಿಸ್ತಾ ಇದ್ದೀವಿ.

ನಮ್ಮ ಅಪ್ಪಂದಿರು, ತಾತಂದಿರು ಬಡಿಯಲ್ಲ ಅಂದವರು. ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಹೋದ ಕಾಲದಲ್ಲಿ, 1970ರ ಮತ್ತು 80ರ ದಶಕಗಳಲ್ಲಿ, ಕೇರಿಗಳು ಮೊದಲು ಕಲಿತ ಮಾತುಗಳಲ್ಲಿ ಅದೂ ಒಂದು. ಸತ್ತ ದನ ಹೊರಲ್ಲ. ಊರಗೌಡನ ಹೆಣದ ಮುಂದೆ ಬಿಟ್ಟಿ ತಮಟೆ ಬಡಿಯಲ್ಲ. ಮಾರಿಹಬ್ಬದಲ್ಲಿ ಗುಡಿಯ ಹೊರಗೆ ನಿಂತು ಬಡಿದು, ಒಳಗಿನ ದೇವರನ್ನ ನೋಡದೆ, ಸೆರಗಿಗೆ ಹಾಕಿದ ಅಕ್ಕಿ ತಗೊಂಡು ಬರಲ್ಲ. ಆ ಒಂದು ಮಾತಿಗೆ ಎಷ್ಟೋ ಕೇರಿಗಳಿಗೆ ಬಹಿಷ್ಕಾರ ಬಿತ್ತು. ಬಾವಿ ನಿಂತಿತು, ಅಂಗಡಿ ನಿಂತಿತು, ಕೂಲಿ ನಿಂತಿತು. ಕೆಲವರು ತಮಟೆಗೆ ಬೆಂಕಿಯನ್ನೇ ಇಟ್ಟರು. ಸರಿಯಾಗೇ ಮಾಡಿದರು. ಆದರೆ ಅದೇ ಜನ, ಅದೇ ಸಮಿತಿಯ ಜಾಥಾ ಬಂದಾಗ, ಅದೇ ತಮಟೆ ಕಾಯಿಸಿ ಮುಂದೆ ನಡೆದರು. ಕಲಾ ಮಂಡಳಿಯ ಹಾಡಿಗೆ ತಾಳ ಕೊಟ್ಟಿದ್ದು ಅದೇ ಚರ್ಮ. ಯಾರ ಮುಂದೆ ಬಡಿಯಬೇಕು, ಯಾರ ಮುಂದೆ ಬಡಿಯಬಾರದು ಅಂತ ತಾವೇ ತೀರ್ಮಾನ ಮಾಡಿದರು. ನಾವೋ? ಬಿ.ಕಾಂ. ಓದ್ತಾ, ಇಂಗ್ಲಿಷ್ ಹಾಡು ಕೇಳ್ತಾ, ರೂಂಮೇಟಿಗೂ ಗೊತ್ತಾಗದ ಹಾಗೆ ನಮ್ಮ ಕೈಯನ್ನೇ ಬಚ್ಚಿಟ್ಟುಕೊಂಡಿದ್ದೀವಿ.

ಇನ್ನು ಈ ಉತ್ತರ ಬೆಂಗಳೂರಿನ ರಾತ್ರಿಯ ವಿಷಯಕ್ಕೆ ಬರೋಣ. ನಮಗೆ ಹಾಡಿನ ಮೇಲೆ ದ್ವೇಷ ಇಲ್ಲ. ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂತು, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. 2012ರಲ್ಲಿ ಥಣಿಸಂದ್ರದ ಕಡೆ ಗನ್ಸ್ ಎನ್ ರೋಸಸ್. ಯಲಹಂಕದಾಚೆಯ ಕುದುರೆ ಸವಾರಿ ಶಾಲೆಯ ಬಯಲಿನಲ್ಲಿ ಅದೇ 2012ರಲ್ಲಿ ದೊಡ್ಡ ಸಂಗೀತೋತ್ಸವ ನಡೀತು. 2016ರಿಂದ ಎಕೋಸ್ ಆಫ್ ಅರ್ಥ್ ಅನ್ನೋ ಉತ್ಸವ ಅಲ್ಲಿ ಬೇರು ಬಿಟ್ಟಿತು, ಗುಜರಿ ಸಾಮಾನಿನಲ್ಲಿ ವೇದಿಕೆ ಕಟ್ಟೋದು ಅದರ ಹೆಗ್ಗಳಿಕೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ರಾಗಿ ಹೊಲ, ದ್ರಾಕ್ಷಿ ತೋಟಗಳು ಕನ್ವೆನ್ಷನ್ ಹಾಲು, ರೆಸಾರ್ಟು, ಮಾಲುಗಳಾದವು. ಆ ಹೊಲಗಳಲ್ಲಿ ಕಳೆ ಕೀಳ್ತಿದ್ದ ನಮ್ಮ ಅತ್ತೆ ಚಿಕ್ಕಮ್ಮಂದಿರು ಈಗ ಅದೇ ಜಾಗದಲ್ಲಿ ಬಾತ್‌ರೂಂ ತೊಳೀತಾರೆ. (ಗುಜರಿಯಿಂದ ವೇದಿಕೆ ಕಟ್ಟೋದು ಹೊಸ ಕಲೆ ಅಂತ ಕೇಳಿ ನಮಗೆ ನಗು ಬಂತು. ನಮ್ಮ ಕೇರಿಯ ಅರ್ಧ ಮನೆ ಕಟ್ಟಿದ್ದೇ ಹಾಗೆ.)

ಆ ರಾತ್ರಿಗೆ ಒಂದು ಕಾನೂನಿದೆ. ಅದನ್ನ ನಾವು ಓದಿದ್ದೀವಿ, ನೀವೂ ಓದಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. 2010ರ ತಿದ್ದುಪಡಿ ಆದ ಮೇಲೆ ವಾದ್ಯ ಕೂಡ ಬಾರಿಸೋ ಹಾಗಿಲ್ಲ. ಅಂದರೆ ಮೈಕಿಲ್ಲದ ತಮಟೆಯೂ ಅದರೊಳಗೆ ಬಂತು. ಇದು ಎಲ್ಲರಿಗೂ ಒಂದೇ ಅಲ್ಲವೇ ಅಂತೀರಿ. ಅದೇ ಸಾಲಿನಲ್ಲಿ ಒಂದು ವಿನಾಯಿತಿ ಇದೆ: ಮುಚ್ಚಿದ ಕಟ್ಟಡದ ಒಳಗೆ, ಸಭಾಂಗಣ, ಔತಣದ ಹಾಲುಗಳ ಒಳಗೆ ಅಡ್ಡಿ ಇಲ್ಲ. ಹಾಲು ಇರೋದು ಯಾರ ಹತ್ತಿರ? ನಮ್ಮ ಹಾಲು ಅಂದರೆ ಬೀದಿ. ನಮ್ಮ ಸಭಾಂಗಣ ಅಂದರೆ ಅಂಬೇಡ್ಕರ್ ಪ್ರತಿಮೆಯ ಮುಂದಿನ ಹತ್ತಡಿ ಜಾಗ. ಹಬ್ಬದ ದಿನಗಳಿಗೆ ಅಂತ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಅದು ಯಾವ ಹಬ್ಬಗಳಿಗೆ ಸಿಗುತ್ತೆ, ಏಪ್ರಿಲ್ 14ಕ್ಕೆ ಅನುಮತಿ ಕೇಳೋಕೆ ಠಾಣೆಗೆ ಎಷ್ಟು ಸಲ ಅಲೆಯಬೇಕು ಅನ್ನೋದು ಅಲೆದವರಿಗೆ ಗೊತ್ತು. ಇತ್ತ 2024ರಲ್ಲಿ ನಗರದ ಹೋಟೆಲು ಬಾರುಗಳಿಗೆ ರಾತ್ರಿ 1 ಗಂಟೆಯವರೆಗೆ ಬಾಗಿಲು ತೆಗೆಯೋಕೆ ಆದೇಶ ಆಯಿತು. ರಾತ್ರಿ ಅನ್ನೋದು ಕತ್ತಲೆ ಅಲ್ಲ ಗೆಳೆಯರೇ, ಆಸ್ತಿ. ಗೋಡೆ ಇದ್ದವನಿಗೆ ರಾತ್ರಿಯೂ ಇದೆ.

ಬೀದಿಯ ವಿಷಯಕ್ಕೆ ಒಂದು ತಮಾಷೆ ನೋಡಿ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಅನ್ನುವ ಇಂಗ್ಲಿಷ್ ಗಾಯಕ ತುಮಕೂರು ರಸ್ತೆಯ ಮಾದಾವರದಲ್ಲಿ ಎರಡು ರಾತ್ರಿ ಹಾಡೋಕೆ ಬಂದಿದ್ದ. ಯಶವಂತಪುರ ದಾಟಿದ ವಾಹನ ಅಲ್ಲೇ ನಿಂತಿದ್ದವು. ಎರಡನೇ ದಿನ ಬೆಳಿಗ್ಗೆ ಅವನು ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಮೈಕಿಟ್ಟು ಎರಡು ಹಾಡು ಹಾಡೋಕೆ ಹೋದ. ಪೊಲೀಸಿನವರೊಬ್ಬರು ಬಂದು ವೈರು ಕಿತ್ತರು. ಅನುಮತಿ ಇದೆ ಅಂತ ಅವನು, ಇಲ್ಲ ಅಂತ ಇವರು. ಇಡೀ ದೇಶದ ಪತ್ರಿಕೆಗಳು ಅಯ್ಯೋ ಅಂದವು. ನಮಗೆ ಆಶ್ಚರ್ಯ ಆಗಲಿಲ್ಲ. ಅವನಿಗೆ ಒಂದು ದಿನ ಆಗಿದ್ದು ನಮಗೆ ಪ್ರತಿ ಜಯಂತಿಗೆ ಆಗುತ್ತೆ. ನಮ್ಮ ವೈರು ಕಿತ್ತಾಗ ಪತ್ರಿಕೆಯವರು ಬರೋದಿಲ್ಲ, ಅಷ್ಟೇ ವ್ಯತ್ಯಾಸ. ಅವನಾದರೂ ಸಂಜೆ ಮಾದಾವರಕ್ಕೆ ಹೋಗಿ ಹಾಡಿದ.

ಬಟ್ಟೆಯ ಮಾತು ಬೇಡವೇ ಬೇಡ. 2024ರಲ್ಲೇ ಎರಡು ಸಲ ಈ ಊರಿಗೆ ನಾಚಿಕೆ ಆಯಿತು. ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಲೆಮೇಲೆ ಗಂಟು ಹೊತ್ತ ರೈತರೊಬ್ಬರನ್ನ ಕೊಳಕು ಬಟ್ಟೆ ಅಂತ ತಡೆದರು. ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ಹಿರಿಯರನ್ನ ತಡೆದರು. ಅದೇ ಪಂಚೆ, ಅದೇ ಕೆಂಪು ವಸ್ತ್ರ, ಅದೇ ಪೇಟ ತಮಟೆಯವರ ಮೈಮೇಲಿದ್ದರೆ ಗೇಟಿಗೆ ಶೋಭೆ. ಟಿಕೆಟ್ ತಗೊಂಡವನ ಮೈಮೇಲಿದ್ದರೆ ಅಪಶಕುನ.

ಊಟದ ಮಾತೂ ಒಂದಿದೆ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ವಿಮಾನಗಳ ಹಬ್ಬ ಏರೋ ಇಂಡಿಯಾ ನಡೆಯುತ್ತೆ. 2025ರಲ್ಲಿ ಅದಕ್ಕೋಸ್ಕರ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರಿನಲ್ಲಿ ಮಾಂಸದ ಅಂಗಡಿ, ಮಾಂಸದ ಹೋಟೆಲು ಎಲ್ಲ ಬಂದ್. ಕಾರಣ ಜಾತಿಯಲ್ಲ ಅಂತ ನಾವೂ ಒಪ್ತೀವಿ: ಎಸೆದ ಮಾಂಸಕ್ಕೆ ಹದ್ದುಗಳು ಬರ್ತವೆ, ವಿಮಾನಕ್ಕೆ ಬಡೀತವೆ. ಪ್ರಾಣದ ವಿಷಯ. ಆದರೆ ಆಕಾಶದ ಹಬ್ಬ ನಡೆದದ್ದು 5 ದಿನ, ನೆಲದವರ ಒಲೆ ಆರಿದ್ದು 26 ದಿನ. ತಳ್ಳುಗಾಡಿಯಲ್ಲಿ ಬೋಟಿ ಮಾರುವವಳಿಗೆ ಆ 26 ದಿನದ ಕೂಲಿ ಯಾರು ಕೊಡಬೇಕು ಅನ್ನೋ ಪ್ರಶ್ನೆಯನ್ನ ಯಾವ ಕಲಾ ರಾತ್ರಿಯಲ್ಲೂ ಯಾರೂ ಕೇಳಲಿಲ್ಲ.

ಈ ಯಲಹಂಕವೇ 2008ರ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಮೀಸಲು ಕ್ಷೇತ್ರ ಆಗಿತ್ತು ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇಲ್ಲಿಂದ ಗೆದ್ದು ವಿಧಾನಸಭೆಗೆ ಹೋದವರಲ್ಲಿ ಬಿ. ಬಸವಲಿಂಗಪ್ಪನವರೂ ಒಬ್ಬರು. ತಲೆಮೇಲೆ ಮಲ ಹೊರುವ ಪದ್ಧತಿಯನ್ನ ನಿಲ್ಲಿಸಿದ ಮಂತ್ರಿ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಅಷ್ಟಕ್ಕೇ ಊರೂರಿನಲ್ಲಿ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು, ನಮ್ಮ ಹಾಗೇ ಓದೋಕೆ ಬಂದಿದ್ದ ಹುಡುಗರ ಮೇಲೆ ಏಟು ಬಿತ್ತು. ಅವರ ಮಂತ್ರಿ ಪದವಿಯೂ ಹೋಯಿತು. ಸಂಸ್ಕೃತಿ ಅನ್ನೋದು ಮೆತ್ತಗಿನ ಪದಾರ್ಥ, ದೀಪ ಹೂವು ರಂಗೋಲಿ ಅಂತ ತಿಳಿದವರು ಆ ವರ್ಷದ ಹಾಸ್ಟೆಲಿನವರನ್ನ ಕೇಳಬೇಕು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲೂ ಹಾಗೇ: ಬೆತ್ತಲೆ ಸೇವೆ ಬೇಡ ಅಂತ ಹೇಳೋಕೆ ಹೋದ ಕಾರ್ಯಕರ್ತರನ್ನ, ಕಾವಲಿಗಿದ್ದ ಪೊಲೀಸರನ್ನ ಹೊಡೆದು ಬೆತ್ತಲೆ ಮಾಡಿದರು. ಅದೂ ಸಂಸ್ಕೃತಿಯ ಹೆಸರಿನಲ್ಲೇ. ಆದ್ದರಿಂದ ಸಂಸ್ಕೃತಿ ಅಂದ ಕೂಡಲೇ ಕೈಮುಗಿಯೋದು ಬೇಡ. ಯಾರದು, ಯಾರ ಖರ್ಚಿನಲ್ಲಿ, ಗೇಟಿನ ಯಾವ ಕಡೆ ಅಂತ ಕೇಳಬೇಕು.

ಹಾಗಾದರೆ ಪಾರ್ಟಿಯೇ ಬೇಡವಾ, ಕುಣಿತವೇ ಬೇಡವಾ ಅಂತ ಕೇಳ್ತೀರಿ. ಇಲ್ಲಿ ನಮ್ಮ ಹಿರಿಯ ಸಂಗಾತಿಗಳ ಜೊತೆ ನಮಗೆ ಸ್ವಲ್ಪ ಜಗಳ ಇದೆ. ಡಿಜೆ ಅಂದರೆ ಸಾಕು, ಬಂಡವಾಳಶಾಹಿ ಮೋಜು ಅಂತ ಮುಖ ತಿರುಗಿಸ್ತಾರೆ. ಅದೇ 1973ರ ಆಗಸ್ಟಿನಲ್ಲಿ, ಬಸವಲಿಂಗಪ್ಪನವರ ಮಾತಿಗೆ ಮೂರು ತಿಂಗಳು ಮೊದಲು, ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನೋ ಬಡವರ ಬಡಾವಣೆಯಲ್ಲಿ ಕಪ್ಪು ಹುಡುಗಿಯೊಬ್ಬಳು ಒಂದು ಪಾರ್ಟಿ ಇಟ್ಟಳು. ಶಾಲೆ ತೆರೆಯೋ ಹೊತ್ತಿಗೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಟಿಕೆಟ್. ಅವಳ ಅಣ್ಣ ಡಿಜೆ ಕೂಲ್ ಹರ್ಕ್ ತಟ್ಟೆ ತಿರುಗಿಸಿದ. ಹಿಪ್‌ಹಾಪ್ ಹುಟ್ಟಿದ್ದು ಆ ರಾತ್ರಿ ಅಂತ ಜಗತ್ತು ಇವತ್ತು ಲೆಕ್ಕ ಇಡುತ್ತೆ. ಫೀಸಿಗೆ, ಬಟ್ಟೆಗೆ ಕಾಸಿಲ್ಲದ ಮಕ್ಕಳ ಪಾರ್ಟಿ ಅದು! ನಮ್ಮಂಥವರದು! ನಮ್ಮ ಪಕ್ಕದ ಮದ್ರಾಸಿನಲ್ಲಿ 2018ರ ಜನವರಿಯಲ್ಲಿ ಪಾ. ರಂಜಿತ್ ಮತ್ತು ಗೆಳೆಯರ 'ಕಾಸ್ಟ್‌ಲೆಸ್ ಕಲೆಕ್ಟಿವ್' ಮೊದಲ ಸಲ ವೇದಿಕೆ ಹತ್ತಿತು. ಪರೈ ಬಂತು, ಸಾವಿನ ಮನೆಯ ಗಾನಾ ಬಂತು, ಗಿಟಾರು ಬಂತು. ಪರೈ ಗೇಟಿನಲ್ಲಿ ನಿಲ್ಲಲಿಲ್ಲ, ನಡುವೆ ನಿಂತಿತು.

ಅಷ್ಟು ದೂರ ಯಾಕೆ? ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಇದೆ. ಅಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನಡೆಸಿಕೊಂಡು ಬಂದರು. ಬೆಟ್ಟಕ್ಕೆ ಗೇಟಿಲ್ಲ. ದೀಪದ ಖರ್ಚು ಚಂದ್ರನದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಬಂದದ್ದು ತಮಟೆಗೆ. ರಾಷ್ಟ್ರಪತಿ ಭವನದ ಒಳಗೆ ಹೋಗಿ ಬಂದ ವಾದ್ಯ ಬಳ್ಳಾರಿ ರಸ್ತೆಯ ಬಂಗಲೆಯ ಗೇಟಿನಲ್ಲೇ ನಿಲ್ಲಬೇಕು ಅಂದರೆ ಏನರ್ಥ? ಪ್ರಶಸ್ತಿಯಿಂದ ಜಾತಿ ಹೋಗಲ್ಲ ಅಂತ ಅರ್ಥ. ಅದು ನಮಗೆ ಗೊತ್ತಿದ್ದದ್ದೇ. ಆದರೆ ಆ ಹಿರಿಯರು ತಮಗೆ ತಮಟೆ ಬರಲ್ಲ ಅಂತ ಯಾರಿಗೂ ಹೇಳಲಿಲ್ಲ.

ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನ ಗೆಳತಿಯರು ಇದನ್ನ ಓದಿ ಒಂದು ಮಾತು ಕೇಳಿದರು: "ನಿಮಗೆ ಗೇಟಿನ ಹೊರಗಾದರೂ ತಮಟೆ ಇದೆ. ನಮ್ಮನ್ನ ರೇಷ್ಮೆ ಸೀರೆ ಉಡಿಸಿ ಪನ್ನೀರು ಎರಚೋಕೆ ನಿಲ್ಲಿಸ್ತಾರೆ, ಮುಗಿದ ಮೇಲೆ ವಾಪಸ್ ಬಂದರೆ ಹಾಸ್ಟೆಲ್ ಬಾಗಿಲು ಹಾಕಿರುತ್ತೆ, ಎಲ್ಲಿಗೆ ಹೋಗಿದ್ದೆ ಅಂತ ನಿಮ್ಮಂಥವರೇ ಮಾತಾಡ್ತೀರಿ." ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ತಮಟೆಯನ್ನ ಕೇರಿಯಲ್ಲೂ ಹೆಣ್ಣುಮಕ್ಕಳ ಕೈಗೆ ಕೊಟ್ಟವರು ಕಡಿಮೆ. ಆ ತಪ್ಪು ಧಣಿಯದಲ್ಲ, ನಮ್ಮದೇ. ಮುಂದಿನ ಸಂಚಿಕೆಯಲ್ಲಿ ಅವರೇ ಬರೀತಾರೆ, ಪುಟ ಬಿಟ್ಟಿದ್ದೀವಿ.

ಬೆಂಕಿ ಕಾಯಿಸಿಕೊಂಡ ಆ ಬೆಳಗಿನ ನಂತರ ನಾವು ಏಳು ಜನ ಕೂತು ಕೆಲವು ತೀರ್ಮಾನ ಮಾಡಿದ್ದೀವಿ. ಕ್ಯಾಟರಿಂಗ್‌ಗೆ ಹೋಗ್ತೀವಿ, ಹೊಟ್ಟೆಗೆ ಬೇಕು. ತಮಟೆ ಬರುತ್ತಾ ಅಂತ ಯಾರೇ ಕೇಳಿದರೂ ಬರುತ್ತೆ ಅಂತೀವಿ. ಗೇಟಿನ ಹತ್ತಿರ ಬಡಿಯೋಕೆ ಕರೆದರೆ ಬಡಿಯಲ್ಲ ಅಂತೀವಿ, ಯಾಕೆ ಅಂತಲೂ ಹೇಳ್ತೀವಿ. ವೇದಿಕೆಯ ಮೇಲೆ, ಪೋಸ್ಟರಿನಲ್ಲಿ ಹೆಸರು ಹಾಕಿ, ಉಳಿದ ಕಲಾವಿದರ ಪಂಕ್ತಿಯಲ್ಲೇ ಊಟ ಕೊಟ್ಟು, ರಾತ್ರಿ ಮನೆಗೆ ಮುಟ್ಟಿಸುವ ಗಾಡಿ ಕೊಟ್ಟು ಕರೆದರೆ ಯೋಚಿಸ್ತೀವಿ. ಸಂಬಳ ಡಿಜೆಗೆ ಎಷ್ಟೋ ಅಷ್ಟು. ನಮ್ಮನ್ನ ಕಳುಹಿಸುವ ಮೇಸ್ತ್ರಿ ಇದನ್ನ ಕೇಳಿ ನಕ್ಕ. ನಗಲಿ. ಮೊದಲು ತಾತಂದಿರು ಬಡಿಯಲ್ಲ ಅಂದಾಗಲೂ ಊರಗೌಡರು ನಕ್ಕಿದ್ದರಂತೆ.

ಆ ಮೇಳದ ಹಿರಿಯರನ್ನ ಹುಡುಕಿಕೊಂಡು ಹೋಗಿ ಬಂದೆವು. ಭಾನುವಾರ ಸಂಜೆ 5ಕ್ಕೆ ಹಾಸ್ಟೆಲ್ ಹಿಂದಿನ ಬಯಲಿಗೆ ಬರೋಕೆ ಒಪ್ಪಿದ್ದಾರೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡನ್ನೂ ನಾವೇ ಕೂಡಿಸಿ ಕೊಡ್ತೀವಿ. ತಲೆಗೆ 20 ರೂಪಾಯಿ ತನ್ನಿ. ತಾತನ ತಮಟೆ ಊರಿನ ಅಟ್ಟದ ಮೇಲೆ ಬಿದ್ದಿದ್ದರೆ ಈ ಸಲ ಊರಿಗೆ ಹೋದವರು ಇಳಿಸಿ ತನ್ನಿ, ಬಸ್ಸಿನಲ್ಲಿ ಬಟ್ಟೆ ಸುತ್ತಿ ಮುಚ್ಚಿ ತರೋದು ಬೇಡ. ಪ್ಲಾಸ್ಟಿಕ್ ತಮಟೆ ಇದ್ದವರಿಗೆ ಕಾಯಿಸೋ ತೊಂದರೆ ಇಲ್ಲ. ಚರ್ಮದ್ದು ತರುವವರು ಒಂದು ಹಿಡಿ ಒಣಹುಲ್ಲೂ ತನ್ನಿ, ಬೆಂಕಿ ಹಾಕೋ ವಿಷಯ ವಾರ್ಡನ್ನರಿಗೆ ಮೊದಲೇ ಹೇಳಿದ್ದೀವಿ. 10 ಗಂಟೆಗೆ ಮೊದಲು ಮುಗಿಸ್ತೀವಿ.